ಮನಿ ನೋಡಾಕ ಬಂದ ಸಾಹೇಬರು

ಮೊನ್ನೆ ಭಾನುವಾರ ನಮ್ಮ ಮನೆಯ ತಲಬಾಗಿಲು ಹಸಿರಾಯಿತು. (ಹಸಿರೇ ತಾನೆ? ನನ್ನ ನೆನಪನ್ನು ನಂಬಲಾಗದೆ ಈಗಷ್ಟೇ ಹೊರಗೆ ಹೋಗಿ ನೋಡಿ ಬಂದೆ. ಹೌದು, ಹಸಿರು.) ಮುತ್ತಜ್ಜ ಕೆತ್ತಿಸಿದ್ದ ಬಳ್ಳಿ, ನವಿಲು, ಆನೆಗಳ ಮೇಲೆಲ್ಲ ಅವ್ವ ಆಯಿಲ್ ಪೇಂಟ್ ಬಳಿಸಿಬಿಟ್ಟಿದ್ದಳು. ಏಕೆ? ಎದುರುಮನೆಯ ವಕೀಲರು ಹೇಳಿದ ಒಂದೇ ಒಂದು ಮಾತಿನಿಂದ.

ಆಣೆಕಟ್ಟು ಮುಗಿದರೆ ಬಾಗಲಕೋಟೆಯ ನಮ್ಮ ಹಳೆಯ ಓಣಿ ನೀರಿನಡಿ ಸೇರುತ್ತದೆ. ಎಲ್ಲರೂ ನವನಗರದಲ್ಲಿ ಬದಲಿಗೆ ಸಿಗುವ ಸೈಟಿನ ಮಾತಾಡುತ್ತಿದ್ದರೆ ಗುರುಪಾದಪ್ಪ ವಕೀಲರದು ಬೇರೆಯೇ ವಾದ: "ಹೊಳಿ ನಮ್ಮ ಓಣಿಗೆ ಬರೂದಾದ್ರ ಮೊದ್ಲ ನೋಟಿಸ್ ಕೊಟ್ಟು ಬರ್ಲಿ!" ಇಲ್ಲಿ ಯಾರಾದರೂ ಗೋಡೆಗೆ ಮೊಳೆ ಹೊಡೆದರೆ ಕೋರ್ಟು ಬಿಟ್ಟು ಓಡಿಬರುವ ಮನುಷ್ಯ. ಬಾದಾಮಿಯಂತೆ ಇದೂ ಪುರಾತನವೆಂದು ಸರ್ಕಾರ ಒಪ್ಪಿದರೆ ಸುತ್ತ ಒಡ್ಡು ಕಟ್ಟಿಯಾದರೂ ಉಳಿಸೀತು ಎಂಬುದು ಅವರ ಆಸೆ. ಅದಕ್ಕೇ ಪ್ರಾಚ್ಯವಸ್ತು ಇಲಾಖೆಯ ಸಾಹೇಬರನ್ನು ಕಾಡಿ ಬೇಡಿ ಕರೆಸಿದರು. ಮನೆಮನೆಗೆ ಹೋಗಿ ಹೇಳಿದ್ದು ಮಾತ್ರ ಇಷ್ಟೇ: "ಸರಕಾರದ ಸಾಹೇಬ್ರು ಮನಿ ನೋಡಾಕ ಬರ್ತಾರ."

ಮುಳುಗಡೆಯ ಊರಿನಲ್ಲಿ ಆ ಮಾತಿಗೆ ಇರುವುದು ಒಂದೇ ಅರ್ಥ. ಪರಿಹಾರಕ್ಕೆ ಬೆಲೆ ಕಟ್ಟುವವರು! ಮನೆ ಹೊಸದಾಗಿ ಕಂಡಷ್ಟೂ ಲಾಭ. ವಕೀಲರು ಸಾಹೇಬರನ್ನು ಕರೆತರಲು ಊರು ಬಿಟ್ಟ ಎರಡೇ ದಿನದಲ್ಲಿ ಓಣಿಗೆ ಓಣಿಯೇ ಸುಣ್ಣ, ಸಿಮೆಂಟು, ಡಿಸ್ಟೆಂಪರು!

ಸಾಹೇಬರು ಬಂದರು. ಸುತ್ತಿದರು. "ವಕೀಲರೇ, ಇಲ್ಲಿ ಹಳೆಯದು ಯಾವುದು?"

ವಕೀಲರು ಪಕ್ಕದ ಮನೆಯ ಗೌರಮ್ಮಾಯಿಯನ್ನು ಸಾಕ್ಷಿಗೆ ಕರೆದರು. ಬೊಚ್ಚುಬಾಯಿಯ ಮುದುಕಿ.

"ಆಯಿ, ಈ ಮನಿ ಯಾವಾಗ ಕಟ್ಟಿದ್ದು?"

"ಹೋದ ವರ್ಷ."

"ಖರೆ ಹೇಳಬೇ! ನೀ ಮದುವ್ಯಾಗಿ ಇದ ಮನಿಗೆ ಬಂದಾಕಿ ಅಲ್ಲೇನು?"

"ಹೂಂ ಮತ್ತ."

"ಮದುವಿ ಯಾವಾಗ ಆತು?"

ಆಯಿ ಸಾಹೇಬರತ್ತ ನೋಡಿ ಸೆರಗು ಸರಿಮಾಡಿಕೊಂಡಳು. "ಅದೂ ಹೋದ ವರ್ಷನ ಆಗೈತ್ರಿ ಸಾಹೇಬ್ರ."

ಸಾಹೇಬರು ಜೀಪು ಹತ್ತಿದರು. ಮಳೆಗಾಲ ಮುಗಿಯಲಿ, ಇನ್ನೊಮ್ಮೆ ಬಂದು ನೋಡೋಣ ಎಂದರು. ('ನೋಡೋಣ' ಎಂದರೋ, 'ನೋಡಿದ್ದಾಯಿತು' ಎಂದರೋ? ಜೀಪಿನ ಸದ್ದಿನಲ್ಲಿ ನನಗೆ ಸರಿಯಾಗಿ ಕೇಳಲಿಲ್ಲ. ವಕೀಲರಿಗೆ ಮಾತ್ರ 'ನೋಡೋಣ' ಎಂದೇ ಕೇಳಿದೆ.)

ಬಂದವರು ಯಾರೆಂದು ತಿಳಿದಾಗ ಅವ್ವ ವಕೀಲರ ಮೇಲೇ ಹರಿಹಾಯ್ದಳು: "ಹಳೇದು ತೋರಸ್ರಿ ಅಂತ ಮೊದ್ಲ ಹೇಳಬಾರದೇನ್ರಿ? ಪೇಂಟಿನ ಡಬ್ಬಿ ತರಾಕರ ಹೋಗ್ತಿದ್ದಿಲ್ಲ!"

ಈಗ ವಕೀಲರು ಕರಿಕೋಟು ಕಳಚಿಟ್ಟು ನಮ್ಮ ಬಾಗಿಲಿನ ನವಿಲನ್ನು ಬ್ಲೇಡಿನಿಂದ ಕೆರೆಯುತ್ತಿದ್ದಾರೆ. ಗೌರಮ್ಮಾಯಿ ಕಟ್ಟೆಯ ಮೇಲೆ ಕೂತು ಕೆಮ್ಮುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದಾಳೆ. ಇಡೀ ಓಣಿ ಹಳೆಯದಾಗಲು ಹೆಣಗುತ್ತಿದೆ.

ಮೊದಲು ಬರುವುದು ಯಾರು, ಸಾಹೇಬರೋ ಹೊಳೆಯೋ?