ಅತ್ತೆಯ ಎಡ ಅಂಗೈ

ಎರಡು ವರ್ಷದ ಹಿಂದೆ, ಶ್ರಾವಣಕ್ಕೆ ಇನ್ನೊಂದು ತಿಂಗಳಿರುವಾಗ ನಮ್ಮ ಅತ್ತೆಯವರಿಗೆ ಪಾರ್ಶ್ವವಾಯು ಹೊಡೆಯಿತು. ಬೆಳಿಗ್ಗೆ ಚಹಾದ ಕಪ್ಪು ಕೈಜಾರಿ ಬಿತ್ತು, ಬಾಯಿ ಒಂದು ಕಡೆ ವಾಲಿತು. ವಿದ್ಯಾನಗರದ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದು ನವನಗರದ ಮನೆಗೆ ಬರುವ ಹೊತ್ತಿಗೆ ಮಾತು ಸರಿಯಾಗಿತ್ತು, ಕಾಲೆಳೆದುಕೊಂಡು ನಾಲ್ಕು ಹೆಜ್ಜೆ ಇಡುತ್ತಿದ್ದರು. ಎಡಗೈ ಮಾತ್ರ ಎದೆಗೆ ಮಡಚಿಕೊಂಡು ಅಲ್ಲೇ ಕುಳಿತುಬಿಟ್ಟಿತ್ತು.

ಮನೆಯಲ್ಲಿರುವುದು ನಾವು ಮೂವರೇ. ನನ್ನ ಗಂಡ ಬೆಳಿಗ್ಗೆ ಏಳಕ್ಕೇ ಕೆಲಸಕ್ಕೆ ಹೊರಡುತ್ತಾರೆ. ಹೋಗುವಾಗ "ಅವ್ವನ್ನ ಛಂದಂಗ ನೋಡ್ಕೋ" ಎನ್ನುವುದೊಂದು ತಪ್ಪುತ್ತಿರಲಿಲ್ಲ. ನೋಡಿಕೊಳ್ಳುವುದೆಂದರೆ ಸ್ನಾನ, ಬಟ್ಟೆ, ಎಣ್ಣೆ ತಿಕ್ಕುವುದು, ವ್ಯಾಯಾಮ, ಮತ್ತೆ ಬಟ್ಟೆ. ಸೇವೆಯಲ್ಲಿ ಸುಖವಿದೆ ಎಂದೆಲ್ಲ ಹೇಳುವವರು ಒಂದು ವಾರ ನಮ್ಮ ಮನೆಯಲ್ಲಿದ್ದು ಹೋಗಲಿ. ನನಗಂತೂ ಸಾಕಾಗಿತ್ತು. ಕುಕ್ಕರ್ ಸೀಟಿ ಹೊಡೆಯುವಷ್ಟರಲ್ಲಿ ನಿಂತಲ್ಲೇ ತೂಕಡಿಸುತ್ತಿದ್ದೆ.

ಫಿಸಿಯೋಥೆರಪಿ ಮಾಡಿಸಲು ಬರುತ್ತಿದ್ದ ಶಬಾನಾ ಒಂದು ಸ್ಪಂಜಿನ ಚೆಂಡು ಕೊಟ್ಟಿದ್ದಳು. "ಅಮ್ಮಾರ, ಅಂಗೈ ಮ್ಯಾಲ ಮಾಡ್ರಿ, ಚೆಂಡು ಬೀಳದಂಗ ಹಿಡೀರಿ" ಎನ್ನುವಳು.

"ನಾ ಏನ್ ಸಣ್ಣ ಕೂಸೇನವಾ, ಚೆಂಡ ಆಡಾಕ?" ಎಂದು ಅತ್ತೆ ಮುಖ ತಿರುಗಿಸುವರು. ಚೆಂಡು ಮಂಚದ ಕೆಳಗೆ ಹೋಗಿ ಸೇರುತ್ತಿತ್ತು. ಬಗ್ಗಿ ತೆಗೆಯುವ ಕೆಲಸ ನನ್ನದು.

ನಿಜವಾದ ತೊಂದರೆ ಪೂಜೆಯದು. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಬಲಗೈಯಿಂದ ಪೂಜಿಸುವುದು ನಮ್ಮಲ್ಲಿಯ ರೂಢಿ. ಆಸ್ಪತ್ರೆಯಲ್ಲಿ ಕೊರಳಲ್ಲಿದ್ದ ಲಿಂಗವನ್ನು ಮುಟ್ಟಿ ನಮಸ್ಕರಿಸಿ ಸುಮ್ಮನಾಗಿದ್ದ ಅತ್ತೆ ಮನೆಗೆ ಬಂದ ಮೇಲೆ ಒಪ್ಪಲಿಲ್ಲ. ಪೂಜೆಯಾಗದೆ ತುತ್ತು ಮುಟ್ಟುವವರಲ್ಲ. ಹೊಟ್ಟೆಗೆ ಏನಾದರೂ ಬೀಳದೆ ಗುಳಿಗೆ ಕೊಡುವಂತಿಲ್ಲ. ಹತ್ತು ಗಂಟೆಯಾದರೂ ಹಾಗೇ ಕುಳಿತಿರುತ್ತಿದ್ದರು.

"ಬಲಗೈಯಾಗ ಹಿಡ್ಕೊಳ್ರಿ ಅತ್ತ್ಯಾರ, ದೇವರೇನ್ ಸಿಟ್ಟಾಗಂಗಿಲ್ಲ" ಎಂದು ಒಂದು ದಿನ ರೇಗಿದೆ.

"ಬಲಗೈಯಾಗ ಹಿಡದ್ರ ಪತ್ರಿ ಯಾವ ಕೈಲೆ ಏರಸ್ಲಿ?" ಎಂದು ಅವರೂ ರೇಗಿದರು. ಆಮೇಲೆ ಅಳತೊಡಗಿದರು. "ಈ ಕೈಯಿಂದ ಲಿಂಗಪ್ಪ ಜಾರಿ ಬಿದ್ದನಂದ್ರ ಏನ್ ಮಾಡ್ಲಿ? ಅಂಥಾ ದಿನಾ ನೋಡೂದು ಬ್ಯಾಡವಾ ನನಗ."

ಇಪ್ಪತ್ತು ವರ್ಷದಲ್ಲಿ ಅವರು ನನ್ನೆದುರು ಅತ್ತದ್ದು ಅದೇ ಮೊದಲು. ನನ್ನ ಸಿಟ್ಟು ಎಲ್ಲಿ ಹೋಯಿತೋ. ಮಂಚದ ಮುಂದೆ ಸಣ್ಣ ಸ್ಟೂಲು ಹಾಕಿಕೊಂಡು ಕುಳಿತು, ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಂಗೈ ಮೇಲೆ ಮಾಡಿ, ಕೆಳಗೆ ನನ್ನ ಎರಡೂ ಕೈ ಒಡ್ಡಿದೆ.

"ಇಡ್ರಿ. ನಾ ಹಿಡದೇನಿ. ಬೀಳಂಗಿಲ್ಲ."

ಅಂದಿನಿಂದ ದಿನಾ ಬೆಳಿಗ್ಗೆ ಅರ್ಧ ಗಂಟೆ ಅದೇ ಕೆಲಸ. ಅವರ ಕೈಯ ಭಾರವೆಲ್ಲ ನನ್ನ ಮೇಲೆ. ರಟ್ಟೆ ಸೋಲುತ್ತಿತ್ತು. ಅವರು ವಿಭೂತಿ ಹಚ್ಚಿ, ಪತ್ರಿ ಏರಿಸಿ ಕಣ್ಣು ಮುಚ್ಚಿದರೆ, ಬೇಗ ಮುಗಿಸಬಾರದೇ ಎಂದು ನಾನು ಒಳಗೊಳಗೇ ಬೈದುಕೊಂಡದ್ದೂ ಉಂಟು. ಒಮ್ಮೆ ಇದನ್ನು ನೋಡಿದ ಶಬಾನಾ, "ಚೆಂಡು ಬಿಡ್ರಿ ಅಕ್ಕಾರ, ಇದ ಛಲೋ ವ್ಯಾಯಾಮ" ಎಂದಳು. ನನಗೇನೂ ಸುಧಾರಣೆ ಕಾಣಲಿಲ್ಲ.

ಶ್ರಾವಣದ ಕೊನೆಯ ಸೋಮವಾರ. ಹಿಂದಿನ ಎರಡು ದಿನ ಅತ್ತೆಗೆ ಹೊಟ್ಟೆ ಕೆಟ್ಟು ನನಗೆ ನಿದ್ದೆಯೇ ಇರಲಿಲ್ಲ. ಹಾಲು ಕಾಯಿಸಿ ಇಳಿಸಿ, ಎಂದಿನಂತೆ ಕೈ ಒಡ್ಡಿ ಕುಳಿತೆ. ಅವರು ಕಣ್ಣು ಮುಚ್ಚಿದ್ದು ನೆನಪಿದೆ. ಆಮೇಲೆ ಏನೂ ನೆನಪಿಲ್ಲ.

ಎಚ್ಚರವಾದಾಗ ನನ್ನ ತಲೆ ಅತ್ತೆಯ ಮೊಣಕಾಲಿಗೆ ಒರಗಿತ್ತು. ಕೈಗಳೆರಡೂ ನನ್ನ ಮಡಿಲಲ್ಲಿದ್ದವು. ಲಿಂಗ ಎಲ್ಲಿ ಬಿತ್ತೋ ಎಂದು ನೆಲವೆಲ್ಲ ನೋಡಿದೆ. ಏನೂ ಇರಲಿಲ್ಲ. ತಲೆ ಎತ್ತಿದರೆ, ಅತ್ತೆಯ ಎಡಗೈ ಯಾವ ಆಸರೆಯೂ ಇಲ್ಲದೆ ಎದೆಯ ಮುಂದೆ ನಿಂತಿತ್ತು. ಗಡಗಡ ನಡುಗುತ್ತಿತ್ತು. ಅಂಗೈ ಮೇಲಾಗಿತ್ತು, ಅದರಲ್ಲಿ ಲಿಂಗವಿತ್ತು. ಬಲಗೈ ನನ್ನ ಭುಜವನ್ನು ಗಟ್ಟಿಯಾಗಿ ಹಿಡಿದಿತ್ತು.

ಗಾಬರಿಯಿಂದ ಕೈ ಒಡ್ಡಿ, "ಎಬ್ಬಸಬಾರದೇನ್ರಿ?" ಎಂದೆ.

"ದಣದು ಮಲಗಿದ್ದಿ, ಹೆಂಗ್ ಎಬ್ಬಸ್ಲಿ? ಸ್ಟೂಲಿನ ಮ್ಯಾಲಿಂದ ಬೀಳಾಕತ್ತಿದ್ದಿ ನೋಡವಾ. ಛಲೋ ಕೈಲೆ ನಿನ್ನ ಹಿಡದೆ. ಶಿವಾ ತನ್ನದು ತಾ ನೋಡ್ಕೊಂಡ."

ಈಗ ಅತ್ತೆ ಒಬ್ಬರೇ ಪೂಜೆ ಮಾಡಿಕೊಳ್ಳುತ್ತಾರೆ. ಕೈ ಪೂರ್ತಿ ಬಂದಿಲ್ಲ, ಸೆರಗಿಗೆ ಪಿನ್ನು ನಾನೇ ಹಾಕಬೇಕು. ನನ್ನ ದಣಿವೂ ಪೂರ್ತಿ ಹೋಗಿಲ್ಲ. ಈಗಲೂ ರೇಗುತ್ತೇನೆ, ಅವರೂ ರೇಗುತ್ತಾರೆ.

ಆ ದಿನ ಎಷ್ಟು ಹೊತ್ತು ಮಲಗಿದ್ದೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಡುಗೆಮನೆಗೆ ಹೋದಾಗ ಇಳಿಸಿಟ್ಟ ಹಾಲು ತಣ್ಣಗಾಗಿ ದಪ್ಪ ಕೆನೆ ಕಟ್ಟಿತ್ತು. ಅಷ್ಟು ಹೊತ್ತೂ ಅವರು ಗಟ್ಟಿ ಕೈಯನ್ನು ನನಗೆ ಕೊಟ್ಟು, ನಂಬಿಕೆಯಿಲ್ಲದ ಕೈಯಲ್ಲಿ ದೇವರನ್ನು ಹಿಡಿದು ಕುಳಿತಿದ್ದರು. ಅದನ್ನು ನೆನೆದರೆ ನನಗೆ ಈಗಲೂ ಅಳು ಬರುತ್ತದೆ.