ಶುಕ್ರ ವಕ್ರವಾಗಿದ್ದ ಆರು ವಾರ

ಗ್ರಹ ವಕ್ರವಾಗಿದೆ, ಅಂದರೆ ಹಿಂದಕ್ಕೆ ನಡೆಯುತ್ತಿದೆ, ಎಂಬ ಮಾತು ಕಿವಿಗೆ ಬಿದ್ದರೆ ಈಗಲೂ ನಾನು ಅಲ್ಲಿಂದ ಎದ್ದು ಹೋಗುತ್ತೇನೆ. ಆಕಾಶದಲ್ಲಿ ಯಾವ ಗ್ರಹವೂ ಹಿಂದಕ್ಕೆ ನಡೆಯುವುದಿಲ್ಲ. ಭೂಮಿಯೂ ಆ ಗ್ರಹವೂ ಒಂದನ್ನೊಂದು ದಾಟುವಾಗ ಹಾಗೆ ಕಾಣುತ್ತದೆ ಅಷ್ಟೆ, ಬಸ್ಸಿನಲ್ಲಿ ಕೂತವರಿಗೆ ಪಕ್ಕದ ಸೈಕಲ್ಲು ಹಿಂದೆ ಸರಿದಂತೆ ಕಾಣುವ ಹಾಗೆ. ಹೈಸ್ಕೂಲಿನಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಇದನ್ನು ಬೋರ್ಡಿನ ಮೇಲೆ ಬರೆದೇ ತೋರಿಸಿದ್ದರು. ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವರು ನಕ್ಕು, ಅದು ಪರೀಕ್ಷೆಗೆ ಬರೆಯುವ ವಿಷಯ ಎಂದರು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಜಯನಗರದ ನಮ್ಮ ಬೀದಿಯಲ್ಲಿ ಅರ್ಧ ಮನೆ, ಅರ್ಧ ಖಾಲಿ ಸೈಟು. ಪ್ರತಿ ಭಾನುವಾರ ಬೆಳಿಗ್ಗೆ ಜೋಯಿಸರೊಬ್ಬರು ಯಡಿಯೂರು ಕೆರೆಯ ಕಡೆಯಿಂದ ಸೈಕಲ್ ತುಳಿದುಕೊಂಡು ಬರುತ್ತಿದ್ದರು. ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡು, ಬೆರಳುಗಳನ್ನು ಒಂದೊಂದಾಗಿ ಚೀಪಿ, ಆಮೇಲೆ ಗ್ರಹಗಳ ವಿಚಾರಕ್ಕೆ ಇಳಿಯುತ್ತಿದ್ದರು. ಪಂಚಾಂಗದ ಸಣ್ಣ ಅಕ್ಷರ ಅವರಿಗೂ ಕಾಣದು, ಅಪ್ಪನಿಗೂ ಕಾಣದು. ಹಾಗಾಗಿ ಓದುವ ಕೆಲಸ ನನ್ನದು. ಯಾವ ಗ್ರಹ ಎಲ್ಲಿದೆ, ಯಾವುದು ವಕ್ರವಾಗಿದೆ ಎಂದು ಗಟ್ಟಿಯಾಗಿ ಓದಿ ಬೀಗುತ್ತಿದ್ದೆ.

ಒಂದು ವರ್ಷ ಗುರು ವಕ್ರವಾಗಿದ್ದಾಗಲೇ ಅಪ್ಪನಿಗೆ ಆಫೀಸಿನಲ್ಲಿ ಬಡ್ತಿ ಸಿಕ್ಕಿತು. "ವಕ್ರ ಆದ ಗ್ರಹಕ್ಕೆ ಬಲ ಜಾಸ್ತಿ ಸ್ವಾಮಿ. ಕೊಡೋಕ್ ನಿಂತ್ರೆ ಎರಡು ಕೈಲೂ ಕೊಡ್ತಾನೆ," ಎಂದರು ಜೋಯಿಸರು. ಅಪ್ಪ ಹಿರಿಹಿರಿ ಹಿಗ್ಗಿ ಅವರಿಗೆ ಜರಿಯಂಚಿನ ಪಂಚೆ ಕೊಟ್ಟರು.

ಮರುವರ್ಷ ಅಮ್ಮನ ಎಡಗಣ್ಣು ನೋಯತೊಡಗಿತು. ದೀಪದ ಸುತ್ತ ಬಣ್ಣಬಣ್ಣದ ಬಳೆ ಕಾಣುತ್ತದೆ ಎನ್ನುತ್ತಿದ್ದಳು. ಕಣ್ಣಿನೊಳಗೆ ಒತ್ತಡ ಏರಿದೆ, ಒಂದು ವಾರದೊಳಗೆ ಆಪರೇಷನ್ ಆಗಬೇಕು, ತಡವಾದರೆ ದೃಷ್ಟಿ ಹೋಗುತ್ತದೆ ಎಂದರು ಡಾಕ್ಟರು. ಗುರುವಾರಕ್ಕೆ ಗೊತ್ತೂ ಮಾಡಿದರು. ನಡುವೆ ಆ ಹಾಳು ಭಾನುವಾರ ಬಂತು.

"ಶುಕ್ರ ಎಲ್ಲಿದ್ದಾನೆ ನೋಡಮ್ಮ," ಎಂದರು ಜೋಯಿಸರು. ನಾನು ನೋಡಿ, "ವಕ್ರ," ಎಂದೆ.

ಅವರು ನಾಲಿಗೆ ಕಚ್ಚಿಕೊಂಡರು. "ಕಣ್ಣಿಗೆ ಅಧಿಪತಿನೇ ಶುಕ್ರ. ಅವನು ವಕ್ರ ಇರೋವಾಗ ಕಣ್ಣಿಗೆ ಕತ್ತಿ ತಾಗಿಸ್ಬಾರ್ದು ಸ್ವಾಮಿ. ಆರು ವಾರ ತಡೀರಿ."

"ವಕ್ರ ಆದ್ರೆ ಬಲ ಜಾಸ್ತಿ ಅಂದಿದ್ರಲ್ಲ? ಅಪ್ಪನ ಬಡ್ತಿಗೆ ಒಳ್ಳೇದಾಗಿದ್ದು ಅಮ್ಮನ ಕಣ್ಣಿಗೆ ಯಾಕೆ ಕೆಟ್ಟದ್ದು?" ಎಂದು ಕೇಳಿದೆ. ಜೋಯಿಸರು ಬಾಯಿ ತೆರೆಯುವ ಮೊದಲೇ ಅಪ್ಪ, "ಓದಿದ್ದಾಯ್ತಲ್ಲ, ಒಳಗೆ ಹೋಗು," ಎಂದು ಗದರಿದರು. ಹೋದೆ. ಸುಳ್ಳೇ ಓದಬಹುದಿತ್ತಲ್ಲ ಎಂದು ಹೊಳೆದದ್ದು ಅಡುಗೆಮನೆ ಸೇರಿದ ಮೇಲೆ. ಆ ನನ್ನ ಸತ್ಯಸಂಧತೆಯ ಮೇಲೂ ನನಗೆ ಅಸಹ್ಯವಿದೆ.

ಅಮ್ಮ ಆರು ವಾರ ಕಣ್ಣಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಅಡುಗೆ ಮಾಡಿದಳು. ತಲೆನೋವಿಗೆ ಒಲೆಯ ಮುಂದೆಯೇ ವಾಂತಿ ಮಾಡಿಕೊಳ್ಳುತ್ತಿದ್ದಳು. ಆರು ಭಾನುವಾರವೂ ಜೋಯಿಸರು ತಪ್ಪದೆ ಬಂದರು. ಅವರ ಬೆರಳು ಚೀಪುವ ಸದ್ದು ಕೇಳಿದರೆ ನನಗೆ ತಟ್ಟೆ ಕಿತ್ತು ಎಸೆಯುವಷ್ಟು ಹೇಸಿಗೆಯಾಗುತ್ತಿತ್ತು.

ವಕ್ರ ಬಿಟ್ಟ ಮರುದಿನ ಆಸ್ಪತ್ರೆಗೆ ಹೋದೆವು. ಡಾಕ್ಟರು ಟಾರ್ಚಿನ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. "ಈಗ ಬಂದ್ರಾ? ಈ ಕಣ್ಣಲ್ಲಿ ಇನ್ನೇನೂ ಉಳಿದಿಲ್ಲಮ್ಮ," ಎಂದರು.

ಮುಂದಿನ ಭಾನುವಾರ ಜೋಯಿಸರು ಹಾಜರು. ಮೈಮೇಲೆ ಅಪ್ಪ ಕೊಟ್ಟ ಅದೇ ಪಂಚೆ. ವಿಷಯ ಕೇಳಿ ತಲೆದೂಗಿದರು. "ವಕ್ರ ಶುಕ್ರ ಬಲಿಷ್ಠ ಸ್ವಾಮಿ. ಅದಕ್ಕೇ ಇನ್ನೊಂದು ಕಣ್ಣಾದ್ರೂ ಉಳೀತು." ಅಪ್ಪ ಹೌದೆಂದು ತಲೆಯಾಡಿಸಿದರು. ಜೋಯಿಸರದ್ದು ಹೊಟ್ಟೆಪಾಡು ಎಂದಾದರೂ ಕ್ಷಮಿಸಬಹುದು; ಅಪ್ಪ ತಲೆಯಾಡಿಸಿದ್ದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಅಷ್ಟರಲ್ಲಿ ಅಮ್ಮ ಕಾಫಿ ತಂದಳು. ಒಂದೇ ಕಣ್ಣಿಗೆ ಲೋಟದ ದೂರ ಇನ್ನೂ ಸರಿಯಾಗಿ ಸಿಗುತ್ತಿರಲಿಲ್ಲ. ಬಗ್ಗಿಸಿದ ಕಾಫಿ ಲೋಟದ ಆಚೆ, ಜರಿಯಂಚಿನ ಮೇಲೂ ನೆಲದ ಮೇಲೂ ಬಿತ್ತು.

"ನೋಡ್ಕೊಂಡು ಹಾಕ್ಬಾರ್ದೇನೇ?" ಎಂದು ಅಪ್ಪ ರೇಗಿದರು.

ಅಮ್ಮ ಬಟ್ಟೆ ತಂದು, ಕೂತು ನೆಲ ಒರೆಸತೊಡಗಿದಳು. ಅಪ್ಪ ನನ್ನ ಕಡೆ ಪಂಚಾಂಗ ಚಾಚಿ, "ಓದಮ್ಮ, ಮುಂದಿನ ತಿಂಗಳು ಹೇಗಿದೆ ನೋಡೋಣ," ಎಂದರು.

"ನಂಗೆ ಕಾಣಿಸ್ತಿಲ್ಲಪ್ಪ," ಎಂದೆ. ಅಮ್ಮನ ಕೈಯಿಂದ ಬಟ್ಟೆ ತೆಗೆದುಕೊಂಡು ಉಳಿದ ನೆಲ ನಾನು ಒರೆಸಿದೆ.