ಹೊಲಸು ಮಾಡದ ಗಿಣಿ

ಗಿಣಿಯ ಹಿಕ್ಕೆಯನ್ನು ಹಸಿಯಿದ್ದಾಗ ಒರೆಸಬಾರದು. ಒರೆಸಿದರೆ ನೆಲಕ್ಕೆ ಬಳಿದಂತಾಗುತ್ತದೆ. ಒಣಗಲು ಬಿಟ್ಟು, ಹಳೆಯ ಬಾಚಣಿಕೆಯ ಬೆನ್ನಿನಿಂದ ಮೆಲ್ಲಗೆ ಎಬ್ಬಿಸಿದರೆ ಚಕ್ಕೆಯಾಗಿ ಬರುತ್ತದೆ. ಆಮೇಲೆ ಬಿಸಿನೀರಲ್ಲಿ ಹಿಂಡಿದ ಅರಿವೆ. ಸೀರೆಯ ಮೇಲೆ ಬಿದ್ದರೂ ಅಷ್ಟೇ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಬೈಲಹೊಂಗಲದ ನಮ್ಮ ಮನೆಯ ನೆಲ ಕೆರೆದು ಕೆರೆದು ಕಲಿತದ್ದು.

ಗಿಣಿ ತಂದವರು ನನ್ನ ಗಂಡ. ಸಂಪಗಾಂವ ರಸ್ತೆಯಲ್ಲಿ ಕಡಿದು ಕೆಡವಿದ್ದ ಬೇವಿನ ಮರದ ಪೊಟರೆಯಲ್ಲಿ ಸಿಕ್ಕ ಮರಿ. ಮೈಮೇಲೆ ಪುಕ್ಕ ಕೂಡ ಸರಿಯಾಗಿ ಬಂದಿರಲಿಲ್ಲ. ಕರವಸ್ತ್ರದಲ್ಲಿ ಸುತ್ತಿ ತಂದು ನನ್ನ ಉಡಿಯಲ್ಲಿ ಹಾಕಿದರು. ಪಡಸಾಲೆಯ ಮಂಚದ ಮೇಲೆ ಕೂತಿದ್ದ ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಮದುವ್ಯಾಗಿ ಇಪ್ಪತ್ತಾರು ವರ್ಷಕ್ಕ ಉಡಿ ತುಂಬಿತು ನೋಡವ್ವಾ."

ನಮಗೆ ಮಕ್ಕಳಿಲ್ಲ. ಅತ್ತೆ ಅದನ್ನು ಯಾರಿಗೂ ಮರೆಯಗೊಟ್ಟವರಲ್ಲ. ನಾನು ಬಾಚಣಿಕೆ ಹಿಡಿದು ನೆಲಕ್ಕೆ ಕೂತಾಗಲೆಲ್ಲ, "ಕೂಸಿಂದು ಬಳಿಯೋ ಕೈ, ಹಕ್ಕೀದು ಬಳಿಯಾಕತ್ತೈತಿ" ಎಂದು ಬಂದವರಿಗೆ ತೋರಿಸುತ್ತಿದ್ದರು. ಬಂದವರು ಚಹಾ ಕುಡಿಯುತ್ತ ನಗುತ್ತಿದ್ದರು. ನಾನೇ ಮಾಡಿಕೊಟ್ಟ ಚಹಾ.

ಅತ್ತೆಯ ಮಂಚದ ತಲೆದೆಸೆಯಲ್ಲಿ ಒಂದು ಚಿಕ್ಕ ಕೌದಿ ಇರುತ್ತಿತ್ತು. ನಾನು ಮನೆ ತುಂಬಿದ ವರ್ಷವೇ ತಮ್ಮ ಹಳೆಯ ಇಳಕಲ್ ಸೀರೆ, ಮಾವನ ಧೋತರ ಸೇರಿಸಿ ತೊಟ್ಟಿಲಿಗೆಂದು ಹೊಲಿದದ್ದು. ಬಳಸುವವರು ಬರಲಿಲ್ಲ. ಪ್ರತಿ ಬೇಸಿಗೆ ಅದನ್ನು ಬಿಸಿಲಿಗೆ ಹಾಕಿ, ಜಾಡಿಸಿ, ನನ್ನ ಮುಂದೆಯೇ ಮಡಚಿ ಇಡುತ್ತಿದ್ದರು. ಗಿಣಿ ಹಾರಲು ಕಲಿತ ವಾರವೇ ಆ ಕೌದಿಯ ಮೇಲೆ ಕೂತು ಹಿಕ್ಕೆ ಹಾಕಿತು.

ಅತ್ತೆ ಕೂಗಾಡಲಿಲ್ಲ. "ಇನ್ನೊಮ್ಮೆ ಇದರ ಮ್ಯಾಲ ಬಿತ್ತಂದ್ರ ಕುತಗಿ ಹಿಚುಕಿ ಬೆಕ್ಕಿಗೆ ಒಗೀತೇನಿ. ನಾ ಹೇಳಿದ್ದ ಮಾಡಾಕಿ, ನಿನಗ ಗೊತ್ತೈತಿ" ಎಂದರು.

ಗೊತ್ತಿತ್ತು.

ಅಂದಿನಿಂದ ಕಲಿಸಲು ಕೂತೆ. ಗಿಣಿ ಎದ್ದ ಕೂಡಲೇ ದೊಡ್ಡದೊಂದು ಹಾಕುತ್ತದೆ, ಆಮೇಲೆ ಹೆಚ್ಚುಕಡಿಮೆ ಇಪ್ಪತ್ತು ನಿಮಿಷಕ್ಕೊಮ್ಮೆ. ಹಾಕುವ ಮುಂಚೆ ಮೈ ಉಬ್ಬಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಬಾಲ ಎತ್ತುತ್ತದೆ. ಅಷ್ಟರಲ್ಲಿ ಬೆರಳ ಮೇಲೆ ಕೂಡಿಸಿಕೊಂಡು ಹಿತ್ತಲಿಗೆ ಓಡಬೇಕು. ಅಲ್ಲಿ ಗೋಡೆಗೆ ಪೇರಲದ ಟೊಂಗೆಯೊಂದನ್ನು ಸಿಗಿಸಿ, ಕೆಳಗೆ ಹಳೆಯ ತಾಟಿನಲ್ಲಿ ಬೂದಿ ಹರವಿದ್ದೆ. ಟೊಂಗೆಯ ಮೇಲೆ ಕೂಡಿಸಿ "ಹೂಂ, ಆಗ್ಲಿ" ಎನ್ನುವುದು. ಹಾಕಿದರೆ ಅರ್ಧ ಶೇಂಗಾ ಕಾಳು.

ಒಮ್ಮೆಯೂ ಹೊಡೆಯಲಿಲ್ಲ, ಗದರಲಿಲ್ಲ. ಬೇರೆಲ್ಲಾದರೂ ಮಾಡಿದರೆ ಮುಖ ತಿರುಗಿಸಿ ಕೂರುತ್ತಿದ್ದೆ. ಅದು ಬಂದು ನನ್ನ ಮೊಣಕೈಗೆ ಕೊಕ್ಕು ತಿಕ್ಕುತ್ತಿತ್ತು. ನಾನು ನೋಡುತ್ತಿರಲಿಲ್ಲ. ಮುಖ ತಿರುಗಿಸಿದರೆ ಎಷ್ಟು ತಾಗುತ್ತದೆ ಅನ್ನುವುದನ್ನು ಈ ಮನೆಯಲ್ಲೇ ಕಲಿತಿದ್ದೆ.

ನಾಲ್ಕೈದು ತಿಂಗಳಲ್ಲಿ ಗಿಣಿ ಎಷ್ಟು ಪಳಗಿತೆಂದರೆ, ನಾನು "ಆಗ್ಲಿ" ಎನ್ನದೆ ಒಂದು ಹನಿಯೂ ಹಾಕುತ್ತಿರಲಿಲ್ಲ. "ನನಗೂ ಹಿಂಗ ಶೇಂಗಾ ಕೊಟ್ಟಿದ್ರ ನಾನೂ ಮಾತ ಕೇಳ್ತಿದ್ನೆಲ್ಲ" ಎಂದು ನನ್ನ ಗಂಡ ಚೇಷ್ಟೆ ಮಾಡುತ್ತಿದ್ದರು. ಒಂದು ಸಲ ಪೇಟೆಯಿಂದ ಬರುವುದು ಮಧ್ಯಾಹ್ನವಾಯಿತು. ಅಲ್ಲಿಯವರೆಗೆ ಬಾಲ ನಡುಗಿಸುತ್ತ ಕಾದು ಕೂತಿತ್ತು, ನನ್ನ ಮಾತು ಕೇಳಿದ ಮೇಲೆ ಅಡಿಕೆಯಷ್ಟು ದೊಡ್ಡದು ಹಾಕಿತು. ನಾನು ಅದನ್ನು ಬುದ್ಧಿವಂತಿಕೆ ಎಂದುಕೊಂಡೆ. ಓಣಿಯವರನ್ನು ಕರೆದು ತೋರಿಸಿದೆ. ಮಧ್ಯಾಹ್ನ ನಾನು ಮಲಗಿದಾಗಲೆಲ್ಲ ಅತ್ತೆ ಗಿಣಿಯ ಮುಂದೆ ಹಸಿಮೆಣಸಿನಕಾಯಿ ಹಿಡಿದು ಮಾತಾಡಿಸುತ್ತಿದ್ದುದು ನನಗೆ ಕೇಳಿಸುತ್ತಿತ್ತು. ಕೇಳಿಸಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ತವರೂರು ಹೂಲಿಯಲ್ಲಿ ನನ್ನ ತಾಯಿ ಬಚ್ಚಲಲ್ಲಿ ಜಾರಿ ಬಿದ್ದ ಸುದ್ದಿ ಬಂತು. ಬೆಳಗಿನ ಮೊದಲ ಹಿಕ್ಕೆ ಮಾಡಿಸಿ, ಸಂಜೆಗೆ ಬರುವೆನೆಂದು ಹೊರಟೆ. ಹೋದ ಮೇಲೆ ಅಲ್ಲೇ ಉಳಿಯಬೇಕಾಯಿತು. ಸಂಜೆ ಅತ್ತೆಯ ಫೋನು ಬಂತು.

"ನೀ ಹೋದಾಗಿಂದ ಒಂದ ಹನಿ ಹಾಕಿಲ್ಲವ್ವಾ ಇದು. ಮೈ ಉಬ್ಬಿಸಿ ಕುಂತೈತಿ. ಟೊಂಗಿ ಮ್ಯಾಲ ಕುಂಡ್ರಿಸೀನಿ, ಶೇಂಗಾ ತೋರಿಸೀನಿ, ಆಗ್ಲಿ ಆಗ್ಲಿ ಅಂತ ನೂರ ಸಲ ಅಂದೀನಿ."

"ನೀವು ಅಂದ್ರ ಕೇಳಲಿಲ್ಲೇನ್ರಿ ಅತ್ತಿ?"

"ನನ್ನ ಮಾತ ಈ ಮನ್ಯಾಗ ಯಾರ ಕೇಳ್ತಾರ? ಫೋನ ಇದರ ಹತ್ರ ಹಿಡೀತೇನಿ. ನೀ ಒಂದ ಸಲ ಹೇಳ."

ತವರಿನ ಪಡಸಾಲೆಯಲ್ಲಿ ನನ್ನ ಅಕ್ಕ, ಅಣ್ಣನ ಹೆಂಡತಿ ಪಕ್ಕದಲ್ಲೇ ಕೂತು ಕೇಳುತ್ತಿದ್ದರು. ಅತ್ತೆ ನನಗೆ ಏನೇನು ಅಂದಿದ್ದಾರೆ ಎಂಬುದು ಅವರಿಬ್ಬರಿಗೂ ಬಾಯಿಪಾಠವಾಗಿತ್ತು. ಆ ಅತ್ತೆ ಇಂದು ನನ್ನನ್ನು ಬೇಡಿಕೊಳ್ಳುತ್ತಿದ್ದರು. ನಾನು ಅಕ್ಕನಿಗೆ ಕಣ್ಣು ಹೊಡೆದೆ.

"ಕೌದಿ ಹೊಲಸ ಆಗೂದಿಲ್ಲ, ಹೆದರಬ್ಯಾಡ್ರಿ. ನಾಳೆ ಬರತೇನಿ."

"ಕೌದಿ ಚಿಂತಿ ಅಲ್ಲವ್ವಾ, ಹಕ್ಕೀದು."

"ತಡಕೊಳ್ಳತೈತಿ ಬಿಡ್ರಿ. ತಡಕೊಳ್ಳೂದು ನಮ್ಮ ಮನ್ಯಾಗ ರೂಢಿ ಐತಲ್ರೀ" ಎಂದು ಫೋನಿಟ್ಟೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಫೋನಿನಲ್ಲಿ ಹೇಳಿದ್ದರೆ ಅದು ಕೇಳುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ನಾನು ಹೇಳಲಿಲ್ಲ.

ಮರುದಿನ ಸವದತ್ತಿಯಲ್ಲಿ ಬಸ್ಸು ಬದಲಿಸಿ ಮನೆ ಸೇರಿದಾಗ ಮಧ್ಯಾಹ್ನವಾಗಿತ್ತು. ಗಿಣಿ ಪೇರಲದ ಟೊಂಗೆಯ ಮೇಲೆಯೇ ಇತ್ತು, ಕಣ್ಣು ಅರ್ಧ ಮುಚ್ಚಿತ್ತು. ಅತ್ತೆ ಅದರೆದುರು ಮಣೆ ಹಾಕಿಕೊಂಡು ಕೂತಿದ್ದರು. ನಾನು "ಹೂಂ, ಆಗ್ಲಿ" ಎಂದೆ. ಅದು ಮಾತು ಕೇಳಿತು. ಮೊದಲು ಸುಣ್ಣದ ಕಲ್ಲಿನಂಥದ್ದು, ಆಮೇಲೆ ರಕ್ತ, ಅದರ ಹಿಂದೆಯೇ ಒಳಗಿನ ಮಾಂಸದ ತುದಿ ಹೊರಬಂತು.

ಪಶು ಆಸ್ಪತ್ರೆಯ ವೈದ್ಯರು ಅದನ್ನು ಒಳಗೆ ತಳ್ಳಿ ಮುಲಾಮು ಹಚ್ಚಿದರು.

"ಇಂಥಾ ಹಕ್ಕಿ ಮನ್ಯಾಗ ಇಟ್ಕೊಳ್ಳೂದ ಮೊದಲನೇ ತಪ್ಪು. ಮ್ಯಾಲೆ ಇಷ್ಟು ತಡಕೊಳ್ಳೂದು ಯಾರ ಕಲಿಸಿದ್ರಿ?"

"ನಾನ್ರೀ."

"ಹಾರೋ ಜೀವರಿ ಅದು, ಬಂದಲ್ಲೇ ಬಿಟ್ಟು ಹಗುರಾಗಿ ಹೋಗೂದು. ಇನ್ನ ಮಾಡಂತ ಹೇಳಬ್ಯಾಡ್ರಿ. ನೀವು ಹೇಳಿದಷ್ಟೂ ಅದು ತಿಣುಕತೈತಿ, ಒಳಗಿಂದು ಮತ್ತ ಹೊರಗ ಬರತೈತಿ. ಸುಮ್ಮನಿರ್ರಿ ಅಕ್ಕಾರ."

ಮನೆಗೆ ಬಂದಾಗ ಅತ್ತೆ ಆ ಚಿಕ್ಕ ಕೌದಿಯನ್ನು ಪಡಸಾಲೆಯ ನಡುವೆ ಹಾಸಿದ್ದರು. ಗಿಣಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಅದರ ಮೇಲೆ ಬಿಟ್ಟರು. "ಮಾಡ ನನ್ನಪ್ಪಾ, ಎಲ್ಲೆ ಬೇಕಾದಲ್ಲೆ ಮಾಡ. ಇದನ್ನ ಹೊಲಸ ಮಾಡ್ಲಿ ಅಂತನ ಹೊಲದೀನಿ" ಎನ್ನುತ್ತಿದ್ದರು.

ಗಿಣಿ ಅವರ ಮಾತು ಕೇಳಲಿಲ್ಲ. ಅದು ನನ್ನನ್ನೇ ನೋಡುತ್ತಿತ್ತು. ನಾನು ಬಾಯಿ ತೆರೆಯುವಂತಿರಲಿಲ್ಲ, ನೋಡುವುದೂ ಬೇಡವೆಂದು ಅಡಿಗೆಮನೆಗೆ ಹೋದೆ. ಅದು ಕುಪ್ಪಳಿಸುತ್ತ ಹಿಂದೆಯೇ ಬಂತು. ಎತ್ತಿ ಮತ್ತೆ ಕೌದಿಯ ಮೇಲೆ ಬಿಟ್ಟೆ. ಮತ್ತೆ ಬಂತು. ಎರಡು ದಿನ ಹೀಗೆಯೇ ನಡೆಯಿತು. ಮೂರನೆಯ ದಿನ ಬರಲಿಲ್ಲ. ಊಟದ ಹೊತ್ತಿಗೆ ಕೌದಿಯ ಒಂದು ಮೂಲೆಯಲ್ಲಿ, ಹೊಲಿಗೆಯ ಸಾಲಿನ ಮೇಲೆ ಕೊಕ್ಕಿಟ್ಟು ಸತ್ತಿತ್ತು.

ನನ್ನ ಗಂಡ ಅದನ್ನು ಹಿತ್ತಲಲ್ಲಿ ಹೂಳಲು ಒಯ್ದರು. ನಾನು ಕೌದಿಯನ್ನು ಎತ್ತಿಕೊಂಡು ಕೇಳಿದೆ, "ಒಗ್ಯಾಕ ಹಾಕಲೇನ್ರಿ ಅತ್ತಿ?"

ಅತ್ತೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಎರಡೂ ಬದಿ ತಿರುವಿ ನೋಡಿದರು. ಒಂದು ಕಲೆಯೂ ಇರಲಿಲ್ಲ.

"ಏನೈತೆವ್ವಾ ಇದರಾಗ ಒಗ್ಯಾಕ?" ಎಂದು ಮಡಚಿ ಮಂಚದ ತಲೆದೆಸೆಯಲ್ಲಿ ಇಟ್ಟುಕೊಂಡರು.